ನಗರ ನೈರ್ಮಲ್ಯವೂ ನಾಡಿನ ಏಳಿಗೆಯೂ

ಒಂದು ರಾಷ್ಟ್ರವು ಎಷ್ಟು ಮುಂದುವರಿದಿದೆಯೆಂಬುದನ್ನು ಹೇಳಬೇಕಾದಾಗ ಉಕ್ಕು, ಸಿಮೆಂಟು, ವಿದ್ಯುಚ್ಛಕ್ತಿ, ವಿದೇಶ ವ್ಯಾಪಾರ ಮುಂತಾದವುಗಳ ಅಂಕಿ ಅಂಶಗಳನ್ನು ಮುಂದಿಡುವುದು ವಾಡಿಕೆ. ಊರಿನ ಚರಂಡಿಗಳ ಉದ್ದವನ್ನು ಯಾರೂ ಹೇಳುವುದಿಲ್ಲ. ಸೇತುವೆಯ ಉದ್ಘಾಟನೆಗೆ ಮಂತ್ರಿಮಹೋದಯರು ಆಗಮಿಸುತ್ತಾರೆ. ಒಳಚರಂಡಿಯ ಕೊಳವೆಯಾದರೋ ನೆಲದಡಿಯಲ್ಲಿ ಹುದುಗಿಹೋಗುವ ವಸ್ತು, ಅದಕ್ಕೆ ಹೂಮಾಲೆ ತೊಡಿಸುವವರಿಲ್ಲ. ಆದರೆ ಕಾರ್ಖಾನೆ ನಿಲ್ಲುವುದು ಯಂತ್ರ ಕೆಟ್ಟಾಗ ಮಾತ್ರವಲ್ಲ. ಅದನ್ನು ನಡೆಸುವ ಕೆಲಸಗಾರ ವಿಷಮಶೀತ ಜ್ವರದಿಂದ ಮೂರು ವಾರ ಹಾಸಿಗೆ ಹಿಡಿದಾಗಲೂ ನಿಲ್ಲುತ್ತದೆ. ಅವನ ಮಗು ಶಾಲೆ ತಪ್ಪಿಸಿಕೊಳ್ಳುತ್ತದೆ, ಹೆಂಡತಿಯ ಬಳೆ ಗಿರವಿ ಅಂಗಡಿ ಸೇರುತ್ತದೆ. ಈ ನಷ್ಟ ಯಾವ ಆಯವ್ಯಯ ಪತ್ರದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಉದ್ಯೋಗವನ್ನರಸಿ ಹುಟ್ಟೂರನ್ನು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ನೆಲಸಿರುವ ನಮ್ಮಂತಹ ಕನ್ನಡಿಗರಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಊರಿನಲ್ಲಿ ಬಾವಿ ನಮ್ಮದು, ಹಿತ್ತಿಲು ನಮ್ಮದು. ಕೆಟ್ಟರೆ ಯಾರಿಂದ ಕೆಟ್ಟಿತೆಂದು ಗೊತ್ತು. ಮಹಾನಗರದಲ್ಲಿ ನಾವು ಎಂದೂ ಕಾಣದ ಜಲಾಶಯದಿಂದ ನೀರು ಬರುತ್ತದೆ, ನಾವು ಎಂದೂ ಹೋಗದ ಕಡೆಗೆ ನಮ್ಮ ಕೊಳೆ ಹೋಗುತ್ತದೆ. ನಡುವೆ ನಮ್ಮ ಬಾಳು. ಹೀಗಿರುವಾಗ, ನಾವಿರುವ ಈ ನಗರಗಳು ಯಾವ ಪೆಟ್ಟು ತಿಂದು ಯಾವ ಪಾಠ ಕಲಿತವೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಪ್ಲೇಗು ಕಟ್ಟಿಸಿದ ಬಡಾವಣೆಗಳು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪ್ರದೇಶದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು ಗೆಡ್ಡೆ ಪ್ಲೇಗನ್ನು ಗುರುತಿಸಿದರು. ಮಾಂಡವಿಯು ಬಂದರಿಗೆ ಹತ್ತಿರದ ಸ್ಥಳ. ದವಸದ ಉಗ್ರಾಣಗಳು, ಅವುಗಳ ಮೇಲೆಯೇ ಮನೆಗಳು, ಗಾಳಿ ಬೆಳಕಿಲ್ಲದ ಕೋಣೆಗಳು, ಎರಡು ಕಟ್ಟಡಗಳ ನಡುವಣ ಸಂದಿಯಲ್ಲಿ ಹರಿಯುವ ಕಕ್ಕಸಿನ ಕೊಳೆ. ಇಲಿಗಳಿಗೆ ಇದಕ್ಕಿಂತ ಮಿಗಿಲಾದ ಸ್ವರ್ಗ ಬೇರೊಂದಿರಲಾರದು. ಇಲಿಯ ಮೈಮೇಲಿನ ಚಿಗಟ ಪ್ಲೇಗಿನ ಸೂಕ್ಷ್ಮಾಣುವನ್ನು ಹೊತ್ತಿರುತ್ತದೆ. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟ ಬೇರೆ ಆಶ್ರಯವನ್ನು ಹುಡುಕುತ್ತದೆ. ಹತ್ತಿರ ಮಲಗಿರುವ ಮನುಷ್ಯನೇ ಅದಕ್ಕೆ ಸಿಕ್ಕುತ್ತಾನೆ. ಇಂದು ಶಾಲಾ ಬಾಲಕರೂ ಬಲ್ಲ ಈ ಸಂಗತಿ ಅಂದು ವೈದ್ಯರಿಗೂ ತಿಳಿದಿರಲಿಲ್ಲ. ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರೂ ಚಿಗಟದ ಪಾತ್ರವನ್ನು ಪಾಲ್ ಲೂಯಿ ಸಿಮೋಂ ತೋರಿಸಿಕೊಟ್ಟದ್ದು 1898ರಲ್ಲಿ. ಆದ್ದರಿಂದ ಅಧಿಕಾರಿಗಳು ಕೆಟ್ಟ ಗಾಳಿಯೇ ರೋಗದ ಮೂಲವೆಂದು ಬಗೆದು ಚರಂಡಿಗಳಿಗೆ ಸಮುದ್ರದ ನೀರನ್ನೂ ಕಾರ್ಬಾಲಿಕ್ ಆಮ್ಲವನ್ನೂ ಸುರಿದರು. ಜನರು ಲಕ್ಷಗಟ್ಟಲೆ ಊರು ಬಿಟ್ಟರು. 1891ರ ಜನಗಣತಿಯಲ್ಲಿ 8 ಲಕ್ಷ 21 ಸಾವಿರಕ್ಕೂ ಮೇಲಿದ್ದ ನಗರದ ಜನಸಂಖ್ಯೆ 1901ರಲ್ಲಿ 7 ಲಕ್ಷ 76 ಸಾವಿರಕ್ಕೆ ಇಳಿದಿತ್ತು. ದೇಶದ ಹತ್ತಿಯ ವ್ಯಾಪಾರವನ್ನೆಲ್ಲ ಮುಷ್ಟಿಯಲ್ಲಿ ಹಿಡಿದಿದ್ದ ನಗರ ಇಲಿಯ ಮುಂದೆ ಮಂಡಿಯೂರಿತು.

ಆಗ ಸರ್ಕಾರಕ್ಕೆ ಎಚ್ಚರವಾಯಿತು. 1898ರಲ್ಲಿ ಮುಂಬಯಿಯ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಸಮುದ್ರದ ಗಾಳಿ ಇಕ್ಕಟ್ಟಾದ ಒಳಪೇಟೆಗೆ ನುಗ್ಗಲೆಂದು ಅದು ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳನ್ನು ಅಗಲವಾಗಿ ತೆರೆಯಿತು. ಉತ್ತರಕ್ಕೆ ದಾದರ್, ಮಾಟುಂಗ, ವಡಾಲ, ಸಾಯನ್ ಪ್ರದೇಶಗಳಲ್ಲಿ ಹೊಸ ಬಡಾವಣೆಗಳನ್ನು ರೂಪಿಸಿತು. ಮಾಟುಂಗದ ಮರಗಳ ನೆರಳಿನ ರಸ್ತೆಗಳಲ್ಲಿ ನಡೆದು ಮೈಸೂರು ಅಸೋಸಿಯೇಷನ್ನಿನ ಸಭೆಗೆ ಹೋಗುವ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಆ ರಸ್ತೆಗಳ ಹಿಂದೆ ಪ್ಲೇಗಿನ ಭೀತಿ ಇತ್ತೆಂಬುದು ನೆನಪಿಗೆ ಬರುತ್ತದೆಯೋ ತಿಳಿಯದು. ಆದರೆ ಟ್ರಸ್ಟಿನ ಕಾರ್ಯವನ್ನು ಕೇವಲ ಹೊಗಳಿ ಮುಗಿಸುವುದು ನ್ಯಾಯವಾಗದು. ಕೊಳೆತ ಚಾಳುಗಳನ್ನು ಕೆಡವುವುದರಲ್ಲಿ ಅದು ತೋರಿದ ಉತ್ಸಾಹ, ಅಲ್ಲಿಂದ ಹೊರದೂಡಿದವರಿಗೆ ಬದಲಿ ಮನೆ ಕಟ್ಟುವುದರಲ್ಲಿ ಕಾಣಲಿಲ್ಲ. ಒಂದು ಚಾಳಿನಿಂದ ಎದ್ದ ಬಡವರು ಪಕ್ಕದ ಚಾಳಿಗೆ ತುರುಕಿಕೊಂಡರು. ಹೊಸ ಬಡಾವಣೆಯ ಗಾಳಿ ಬೆಳಕು ಮಧ್ಯಮ ವರ್ಗದ ಪಾಲಿಗೆ ಬಂದಿತು. ನಗರ ಯೋಜನೆಯ ಈ ಹಳೆಯ ಚಾಳಿ ಇನ್ನೂ ಬಿಟ್ಟಿಲ್ಲ.

ಬೆಂಗಳೂರಿಗೆ ಪ್ಲೇಗು 1898ರ ಆಗಸ್ಟಿನಲ್ಲಿ ಬಂದಿತು. ಪೇಟೆಯ ಜನ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಅದಕ್ಕೆ ತುಸು ಮುಂಚೆಯೇ ರೂಪುಗೊಳ್ಳತೊಡಗಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಜನ ಹೋಗಿ ನೆಲಸಿದ್ದು ಈ ಭಯದಿಂದಲೇ. ನೇರವಾದ ಅಡ್ಡರಸ್ತೆಗಳು, ಮನೆಯ ಸುತ್ತ ಬಯಲು, ಹಿಂಭಾಗದಲ್ಲಿ ಕೊಳೆ ಸಾಗಿಸಲು ಕನ್ಸರ್‌ವೆನ್ಸಿ ಓಣಿ: ಇವು ಸೌಂದರ್ಯಕ್ಕಾಗಿ ಹುಟ್ಟಿದವಲ್ಲ, ಆರೋಗ್ಯಕ್ಕಾಗಿ ಹುಟ್ಟಿದವು. ಮೈಸೂರಿನಲ್ಲಿಯೂ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪಿತವಾಯಿತು. 2015ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸ್ವಚ್ಛತೆಯ ಸಮೀಕ್ಷೆಯಲ್ಲಿ 476 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆದಾಗ ಹೊರನಾಡ ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯಲ್ಲಿ ಒಂದು ಪಾಲು, ನೂರು ವರ್ಷ ಮುಂಚೆ ನೆಲದ ಇಳಿಜಾರನ್ನು ಅಳೆದು ಚರಂಡಿಗೆ ದಾರಿ ಗುರುತಿಸಿದವರಿಗೆ ಸಲ್ಲಬೇಕು.

ಪುಣೆಯ ಕಥೆ ಬೇರೆ. 1897ರಲ್ಲಿ ಅಲ್ಲಿ ಪ್ಲೇಗ್ ನಿವಾರಣೆಯ ಹೆಸರಿನಲ್ಲಿ ಸೈನಿಕರು ಮನೆಗಳಿಗೆ, ಅಡಿಗೆಮನೆ ದೇವರಮನೆಗಳಿಗೂ, ನುಗ್ಗಿದರು. ಜನರ ಕ್ರೋಧ ಮಿತಿಮೀರಿತು. ಪ್ಲೇಗ್ ಅಧಿಕಾರಿ ರ್‍ಯಾಂಡ್ ಜೂನ್ 22ರ ರಾತ್ರಿ ಚಾಫೇಕರ ಸಹೋದರರ ಗುಂಡಿಗೆ ಗುರಿಯಾದನು. ಅದೇ ವರ್ಷ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆಯವರು ಪ್ಲೇಗು ರೋಗಿಗಳ ಶುಶ್ರೂಷೆ ಮಾಡುತ್ತಿದ್ದು ಅದೇ ರೋಗಕ್ಕೆ ಬಲಿಯಾದರು. ಒಂದೇ ಊರು, ಒಂದೇ ರೋಗ. ಒಂದೆಡೆ ಬಂದೂಕು ಹಿಡಿದು ಬಂದ ಶುಚಿತ್ವ, ಇನ್ನೊಂದೆಡೆ ರೋಗಿಯ ಮಗ್ಗುಲಲ್ಲಿ ಕುಳಿತ ಕರುಣೆ. ಜನ ಯಾವುದನ್ನು ನಂಬಿದರೆಂದು ಬೇರೆ ಹೇಳಬೇಕಾಗಿಲ್ಲ.

ನೀರು ಬಂತು, ಹೋಗಲು ದಾರಿ ಇರಲಿಲ್ಲ

ನಲ್ಲಿಯಲ್ಲಿ ನೀರು ಬಂದರೆ ಸಾಕು, ಊರು ಉದ್ಧಾರವಾಯಿತೆಂದು ನಾವು ತಿಳಿಯುತ್ತೇವೆ. ಮುಂಬಯಿಗೆ ವಿಹಾರ ಸರೋವರದ ನೀರು 1860ರಲ್ಲಿ ಬಂದಿತು. ಬಳಿಕ 1879ರಲ್ಲಿ ತುಳಸಿ, 1892ರಲ್ಲಿ ತಾನಸಾ. ಆದರೆ ಬಂದ ನೀರು ಬಳಕೆಯಾಗಿ ಎಲ್ಲಿಗೆ ಹೋಗಬೇಕೆಂಬ ಯೋಚನೆ ನೀರಿನಷ್ಟು ವೇಗವಾಗಿ ಬರಲಿಲ್ಲ. ನಗರದ ಬಹುಭಾಗ ಸಮುದ್ರವನ್ನು ತುಂಬಿಸಿ ಪಡೆದ ತಗ್ಗು ನೆಲ. ಕೊಳೆನೀರು ಅಲ್ಲಿಯೇ ಇಂಗಿ ನೆಲವನ್ನೇ ನೆನೆಸಿತು. ಪ್ಲೇಗು ಕಾಲಿಟ್ಟಾಗ ಅದಕ್ಕೆ ಹಾಸಿಗೆ ಸಿದ್ಧವಾಗಿತ್ತು.

ಲೆಕ್ಕ ಸರಳವಾಗಿದೆ. ನಗರವಾಸಿ ಒಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ಎಂಜಿನಿಯರುಗಳು ಇಟ್ಟುಕೊಂಡಿರುವ ಅಳತೆ. ಐವರ ಕುಟುಂಬಕ್ಕೆ 675 ಲೀಟರ್. ಬಳಸಿದ ನೀರಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ಕೊಳೆನೀರಾಗಿ ಹೊರಬೀಳುತ್ತದೆ. ಎಂದರೆ ಒಂದು ಸಂಸಾರದಿಂದ ದಿನಕ್ಕೆ 540 ಲೀಟರ್. ಇಪ್ಪತ್ತು ಮನೆಗಳ ಒಂದು ಸಣ್ಣ ಕಟ್ಟಡದಿಂದ ದಿನವೂ ಹತ್ತು ಸಾವಿರ ಲೀಟರಿಗೂ ಮೀರಿ. ಬೆಂಗಳೂರಿಗೆ ಕಾವೇರಿಯ ನೀರು 1974ರಿಂದ ಬರುತ್ತಿದೆ; ಸುಮಾರು ನೂರು ಕಿಲೋಮೀಟರ್ ದೂರದಿಂದ ಅದನ್ನು ಮೇಲಕ್ಕೆತ್ತಿ ತರುವ ಸಾಹಸಕ್ಕೆ ತಲೆಬಾಗಲೇಬೇಕು. ಹೀಗೆ ಕಷ್ಟಪಟ್ಟು ತಂದ ನೀರು ಮನೆಗಳಿಂದ ಹೊರಬಿದ್ದು ಸಂಸ್ಕಾರ ಕಾಣದೆ ಬೆಳ್ಳಂದೂರು ಕೆರೆಯನ್ನು ಸೇರಿತು. ಆ ಕೆರೆ ನೊರೆ ಕಕ್ಕಿದ್ದೂ, 2017ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಹತ್ತಿದ್ದೂ ಜಗತ್ತಿಗೆಲ್ಲ ಸುದ್ದಿಯಾಯಿತು. ಕೆರೆಗೆ ಬೆಂಕಿ ಬಿದ್ದಿತೆಂದರೆ ನಮ್ಮ ಅಜ್ಜಂದಿರು ಗಾದೆಯ ಮಾತೆಂದು ತಿಳಿಯುತ್ತಿದ್ದರು.

ಕೊಳೆನೀರು ಕುಡಿಯುವ ನೀರನ್ನು ಸೇರುವ ಬಗೆಯನ್ನು ವಾಚಕರು ಚೆನ್ನಾಗಿ ಅರಿತಿರಬೇಕು. ನಮ್ಮ ನಗರಗಳಲ್ಲಿ ನೀರು ದಿನಕ್ಕೆ ಕೆಲವು ಗಂಟೆ ಮಾತ್ರ ಬರುತ್ತದೆ. ಬರುವಾಗ ಕೊಳವೆಯಲ್ಲಿ ಒತ್ತಡವಿರುತ್ತದೆ. ಬಿರುಕಿದ್ದರೆ ನೀರು ಹೊರಕ್ಕೆ ಸೋರುತ್ತದೆ, ಅಷ್ಟೆ. ನಿಂತಾಗ ಕೊಳವೆ ಬರಿದಾಗಿ, ಅದೇ ಬಿರುಕಿನ ಮೂಲಕ ಹೊರಗಿನದು ಒಳಕ್ಕೆ ಸೇದಿಹೋಗುತ್ತದೆ. ಪಕ್ಕದಲ್ಲಿಯೇ ಒಡೆದ ಒಳಚರಂಡಿ ಇದ್ದರೆ? ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ಮೊದಲು ಬರುವ ಕಂದು ಬಣ್ಣದ ನೀರು ಅದರ ಉತ್ತರ. ಮನೆಯವರು ಕೊಳವೆಗೆ ನೇರವಾಗಿ ಪಂಪನ್ನು ಜೋಡಿಸಿ ನೀರೆಳೆದರೆ ಈ ಸೇದುವಿಕೆ ಇನ್ನೂ ಹೆಚ್ಚುತ್ತದೆ. ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ ಬರುವ ರಾಜಮಾರ್ಗ ಇದು.

ಈ ವಿಷಯದಲ್ಲಿ ದೆಹಲಿಯ ಅನುಭವ ಜಗತ್ತಿನ ವೈದ್ಯಗ್ರಂಥಗಳಲ್ಲಿ ದಾಖಲಾಗಿದೆ. 1955ರ ನೆರೆಯ ನಂತರ ಯಮುನೆ ತನ್ನ ಪಾತ್ರವನ್ನು ಸ್ವಲ್ಪ ಬದಲಿಸಿತು. ವಜೀರಾಬಾದಿನಲ್ಲಿ ನಗರಕ್ಕೆ ನೀರೆತ್ತುವ ಸ್ಥಳಕ್ಕಿಂತ ಕೆಳಗಡೆ ನದಿಯನ್ನು ಸೇರುತ್ತಿದ್ದ ನಜಫ್‌ಗಢ ನಾಲೆಯ ಕೊಳೆ ಹಿಮ್ಮುಖವಾಗಿ ಹರಿದು ಆ ಸ್ಥಳವನ್ನು ತಲಪಿತು. ಎಂಜಿನಿಯರುಗಳು ಗಮನಿಸದೆ ಇರಲಿಲ್ಲ. ಪಟಿಕವನ್ನೂ ಕ್ಲೋರಿನ್ನನ್ನೂ ಹೆಚ್ಚಿಸಿದರು. ಅದರ ಫಲವಾಗಿ ವಿಷಮಶೀತ ಜ್ವರವಾಗಲಿ ಆಮಶಂಕೆಯಾಗಲಿ ಏರಲಿಲ್ಲ. ಆದರೆ ಆ ಪ್ರಮಾಣದ ಕ್ಲೋರಿನ್ನಿಗೆ ವೈರಸ್ಸು ಜಗ್ಗಲಿಲ್ಲ. 1955ರ ಡಿಸೆಂಬರ್ ಹಾಗೂ 1956ರ ಜನವರಿಯಲ್ಲಿ ಸುಮಾರು 29,300 ಮಂದಿಗೆ ಕಾಮಾಲೆ ಹತ್ತಿತು. ಗರ್ಭಿಣಿಯರ ಪಾಲಿಗೆ ಅದು ವಿಶೇಷವಾಗಿ ಮಾರಕವಾಯಿತು. ಅದು ಇಂದು ಹೆಪಟೈಟಿಸ್ ಇ ಎಂದು ಕರೆಯಲಾಗುವ ರೋಗವೆಂಬುದು, ಅಂದು ಕಾದಿರಿಸಿದ್ದ ರಕ್ತದ ಮಾದರಿಗಳ ಪರೀಕ್ಷೆಯಿಂದ ದಶಕಗಳ ನಂತರ ತಿಳಿದುಬಂದಿತು. ರಾಜಧಾನಿಯ ನೀರಿಗೆ ಔಷಧಿ ಬೆರೆಸುವುದು ಸುಲಭ. ಕೊಳೆಯ ನಾಲೆಯನ್ನು ಬೇರೆ ಕಡೆಗೆ ತಿರುಗಿಸುವುದು ಕಷ್ಟ. ರೋಗಾಣುಗಳಾದರೋ ನಮ್ಮ ಸೌಕರ್ಯವನ್ನು ಕೇಳಿ ನಡೆಯುವಂಥವಲ್ಲ.

ಮುಂದಾಲೋಚನೆಯಿಂದ ನಡೆದ ಕಾರ್ಯವೂ ಉಂಟು, ಮತ್ತು ಅದರಲ್ಲಿ ಕನ್ನಡಿಗರೊಬ್ಬರ ಕೈಯಿದೆ. 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಒಂದೇ ದಿನದಲ್ಲಿ ಮಡಿದರು. ನಿಜಾಮ ಸರ್ಕಾರದ ಆಹ್ವಾನದಂತೆ 1909ರಲ್ಲಿ ಅಲ್ಲಿಗೆ ಹೋದ ಸರ್ ಎಂ. ವಿಶ್ವೇಶ್ವರಯ್ಯನವರು ನದಿಯ ದಡದಲ್ಲಿ ಗೋಡೆ ಕಟ್ಟಿದರೆ ಸಾಕೆನ್ನಲಿಲ್ಲ. ನಗರದ ಮೇಲ್ಭಾಗದಲ್ಲಿಯೇ ನೆರೆಯನ್ನು ತಡೆಹಿಡಿಯುವ ಜಲಾಶಯಗಳನ್ನು ಸೂಚಿಸಿದರು. ಜೊತೆಗೆ ನಗರಕ್ಕೆ ಒಳಚರಂಡಿಯ ಯೋಜನೆಯನ್ನೂ ರೂಪಿಸಿದರು. 1920ರಲ್ಲಿ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ, 1927ರಲ್ಲಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ ಸಿದ್ಧವಾದವು. ನೆರೆ ತಡೆಯುವ ಕಟ್ಟೆಯೇ ಕುಡಿಯುವ ನೀರಿನ ಕಣಜವೂ ಆಯಿತು. ನೆರೆಯೊಂದು ಇಲಾಖೆಗೆ, ನಲ್ಲಿಯೊಂದು ಇಲಾಖೆಗೆ, ಚರಂಡಿಯೊಂದು ಇಲಾಖೆಗೆ ಎಂದು ಹಂಚಿಹೋಗಿರುವ ನಮ್ಮ ಕಾಲದಲ್ಲಿ ಅಂತಹ ದೃಷ್ಟಿ ದುರ್ಲಭವಾಗಿದೆ.

ಇದಕ್ಕೆ ಮುಂಬಯಿಯ ಮೀಠೀ ನದಿಯೇ ಸಾಕ್ಷಿ. ವಿಹಾರ ಮತ್ತು ಪವಾಯಿ ಸರೋವರಗಳು ತುಂಬಿ ಹೊರಚೆಲ್ಲಿದ ನೀರು ಈ ನದಿಯಾಗಿ ಮಾಹಿಮ್ ಖಾರಿಯನ್ನು ಸೇರುತ್ತದೆ. ಅದರ ದಾರಿಯಲ್ಲಿ ವಿಮಾನ ನಿಲ್ದಾಣ ಬಂದಿತು, ಬಾಂದ್ರಾ ಕುರ್ಲಾ ಸಂಕೀರ್ಣ ಬಂದಿತು, ಗುಡಿಸಲುಗಳೂ ಕಾರ್ಖಾನೆಗಳೂ ಬಂದವು. ನದಿ ಮಾತ್ರ ಕಿರಿದಾಯಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಹಳೆಯ ಮಳೆನೀರ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದೂ ಸಮುದ್ರದಲ್ಲಿ ಇಳಿತವಿರುವ ಹೊತ್ತಿಗೆ. ಈ ಶಕ್ತಿಯನ್ನು ಇಮ್ಮಡಿಗೊಳಿಸಬೇಕೆಂಬ ವರದಿ 1993ರಷ್ಟು ಹಿಂದೆಯೇ ಪಾಲಿಕೆಯ ಕೈಸೇರಿತ್ತು. ನೂರಾರು ಜನ ಪ್ರಾಣ ತೆತ್ತರು. ನೀರಿಳಿದ ಮೇಲೆ ಇಲಿಜ್ವರ ಹಬ್ಬಿತು. ಇಲಿಯ ಮೂತ್ರ ಬೆರೆತ ನೀರಿನಲ್ಲಿ ನಡೆದವರ ಕಾಲಿನ ಗಾಯದ ಮೂಲಕ ಒಳಸೇರುವ ಈ ರೋಗಕ್ಕೆ ಬೇಗ ಔಷಧಿ ಕೊಡದಿದ್ದರೆ ಮೂತ್ರಪಿಂಡ ಮತ್ತು ಯಕೃತ್ತುಗಳಿಗೆ ಅಪಾಯ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ನಡೆಯಬೇಕಾಗಿ ಬಂದವರು ಮನೆಗೆ ಬಂದೊಡನೆ ಸಾಬೂನಿನಿಂದ ಕಾಲು ತೊಳೆಯುವುದು, ಕಾಲಿನಲ್ಲಿ ಗಾಯವಿದ್ದವರು ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸುವುದು ಅವಶ್ಯಕ.

ಊರು ಕೊಳೆಯಾದರೆ ವ್ಯಾಪಾರ ಕೆಡುತ್ತದೆಯೆ ಎಂದು ಕೇಳುವವರು ಸೂರತ್ತಿನ ಕಡೆಗೆ ನೋಡಬಹುದು. 1994ರ ಸೆಪ್ಟೆಂಬರಿನಲ್ಲಿ, ನೆರೆಯ ಕೊಳೆ ಇನ್ನೂ ಬೀದಿಯಲ್ಲಿರುವಾಗಲೇ, ಅಲ್ಲಿ ಶ್ವಾಸಕೋಶದ ಪ್ಲೇಗು ಕಾಣಿಸಿಕೊಂಡಿತು. ಸತ್ತವರು ಐವತ್ತರ ಆಸುಪಾಸು. ಆದರೆ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ರೈಲು ಹತ್ತಿದರು. ವಜ್ರದ ಕೆಲಸ ನಿಂತಿತು, ಮಗ್ಗ ನಿಂತಿತು, ಹೊರದೇಶಗಳು ಭಾರತಕ್ಕೆ ವಿಮಾನ ಸಂಚಾರವನ್ನೇ ನಿಲ್ಲಿಸಿದವು. ವರ್ಷಗಟ್ಟಲೆ ಕಸ ಎತ್ತದೆ ಉಳಿಸಿದ ಹಣ ಒಂದು ವಾರದಲ್ಲಿ ಎಷ್ಟು ಪಾಲಾಗಿ ಹೋಯಿತೋ! 1995ರಲ್ಲಿ ಎಸ್. ಆರ್. ರಾವ್ ಅವರು ಅಲ್ಲಿನ ಪಾಲಿಕೆಯ ಆಯುಕ್ತರಾಗಿ ಬಂದರು. ಅವರು ಹೊಸ ಕಾನೂನೇನನ್ನೂ ಬೇಡಲಿಲ್ಲ. ನಗರವನ್ನು ಆರು ವಲಯಗಳಾಗಿ ವಿಂಗಡಿಸಿ ಅಧಿಕಾರವನ್ನು ಹಂಚಿದರು. ಅಧಿಕಾರಿಗಳು ಬೆಳಗಿನ ಹೊತ್ತು ಕುರ್ಚಿಯಲ್ಲಿರದೆ ಬೀದಿಯಲ್ಲಿರಬೇಕೆಂದರು. ಅಕ್ರಮವಾಗಿ ಕಟ್ಟಿದ್ದನ್ನು ಬಲಾಢ್ಯರದೆಂದು ಬಿಡಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಸೂರತ್ತು ದೇಶದ ಶುಚಿಯಾದ ನಗರಗಳ ಸಾಲಿಗೆ ಸೇರಿತು. ಜನ ಅವರೇ, ನೌಕರರು ಅವರೇ.

ಶುಚಿತ್ವದ ಕೆಲಸ ಮಾಡುವ ಕೈಗಳ ಮಾತನ್ನು ಕೊನೆಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸುವುದು ಇಂತಹ ಲೇಖನಗಳ ಪದ್ಧತಿ. ಅದು ಸರಿಯಲ್ಲ. ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಯನ್ನು ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿಯೇ ಕರ್ನಾಟಕದಲ್ಲಿ ನಿಷೇಧಿಸಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಇನ್ನೂ ಬಿಗಿಯಾದ ಕಾನೂನು 2013ರಲ್ಲಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಇದೇ ಕೆಲಸಕ್ಕೆ ಕಟ್ಟುಬಿದ್ದಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಸಫಾಯಿ ಕರ್ಮಚಾರಿಗಳ ಚಳವಳಿಯನ್ನು ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಆದಾಗ್ಯೂ ಮ್ಯಾನ್‌ಹೋಲಿನೊಳಕ್ಕೆ ಇಳಿದ ಕಾರ್ಮಿಕರು ವಿಷಾನಿಲದಿಂದ ಸಾಯುವುದು ನಿಂತಿಲ್ಲ. ಕೊಳೆತ ಮಲಿನದಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಮೊದಲು ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಅದು ಕುಂದಿಸುವುದರಿಂದ ವಾಸನೆ ನಿಂತುಹೋದಂತೆ ತೋರುತ್ತದೆ, ಒಳಗಿದ್ದವನು ಅಪಾಯ ಕಳೆಯಿತೆಂದು ಭಾವಿಸುತ್ತಾನೆ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಆದೇಶಿಸಿತು. ನಮ್ಮ ಹೌಸಿಂಗ್ ಸೊಸೈಟಿಯ ಗುಂಡಿ ಕಟ್ಟಿಕೊಂಡಾಗ ಇನ್ನೂರು ಮುನ್ನೂರು ರೂಪಾಯಿ ಉಳಿಸಲು ಯಂತ್ರದ ಗಾಡಿಯನ್ನು ಕರೆಸದೆ ಯಾರನ್ನಾದರೂ ಒಳಕ್ಕಿಳಿಸಿದರೆ ಆ ಕಾನೂನನ್ನು ಮುರಿದವರು ನಾವೇ ಆಗುತ್ತೇವೆ.

ಮನೆಯ ಮಟ್ಟದಲ್ಲಿ ಮಾಡಬೇಕಾದದ್ದು ಬಹಳವಿಲ್ಲ, ಆದರೆ ತಪ್ಪದೆ ಮಾಡಬೇಕಾದದ್ದು. ನೆಲದಡಿಯ ನೀರಿನ ತೊಟ್ಟಿಯನ್ನೂ ಮಾಳಿಗೆಯ ಮೇಲಿನ ತೊಟ್ಟಿಯನ್ನೂ ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ಬರಿದುಮಾಡಿ ಉಜ್ಜಿ ತೊಳೆಸಬೇಕು. ತೊಟ್ಟಿಯ ಮುಚ್ಚಳ ಬಿಗಿಯಾಗಿರಬೇಕು; ಮುಂಬಯಿಯ ಮಲೇರಿಯಕ್ಕೆ ಬಾವಿ, ತೊಟ್ಟಿಗಳಲ್ಲಿ ಹುಟ್ಟುವ ಸೊಳ್ಳೆಯೇ ಕಾರಣವೆಂದು ಡಾ. ಬೆಂಟ್ಲಿಯವರ ವರದಿ 1911ರಲ್ಲಿಯೇ ಹೇಳಿತ್ತು. ಮುಚ್ಚಳವಿಲ್ಲದ ತೊಟ್ಟಿಗಳು ಇಂದಿಗೂ ನಮ್ಮ ಮಾಳಿಗೆಗಳ ಮೇಲಿವೆ. ಕಂದು ನೀರು ಬಂದ ದಿನ ಕುದಿಸಿ ಕುಡಿಯುವುದಷ್ಟೇ ಸಾಲದು, ವಾರ್ಡ್ ಕಚೇರಿಗೆ ಬರೆಹದ ಮೂಲಕ ದೂರು ಕೊಟ್ಟು ಅದರ ಸಂಖ್ಯೆಯನ್ನು ಪಡೆಯಬೇಕು. ಹಸಿಕಸವನ್ನೂ ಒಣಕಸವನ್ನೂ ಬೇರ್ಪಡಿಸಬೇಕೆಂದು 2016ರ ನಿಯಮಗಳು ವಿಧಿಸಿದವು. ನಮ್ಮ ನಗರಗಳ ಕಸದಲ್ಲಿ ಅರ್ಧದಷ್ಟು ಹಸಿಕಸವೇ ಆಗಿರುವುದರಿಂದ, ಅದು ಅಂಗಳದಲ್ಲಿಯೇ ಗೊಬ್ಬರವಾದರೆ ದೇವನಾರದಂತಹ ಕಸದ ಗುಡ್ಡಕ್ಕೆ ಹೋಗುವ ಲಾರಿಗಳೂ ಅರ್ಧಕ್ಕಿಳಿದಾವು. 1927ರಿಂದ ಬೆಳೆದ ಆ ಗುಡ್ಡಕ್ಕೆ 2016ರಲ್ಲಿ ಬೆಂಕಿ ಬಿದ್ದಾಗ ಅದರ ಹೊಗೆ ಹತ್ತಿರದ ಗೋವಂಡಿಯ ಮಕ್ಕಳ ಎದೆಯನ್ನು ಸೇರಿತು, ದಕ್ಷಿಣದ ಬಹುಮಹಡಿಯವರ ಕಿಟಕಿಯನ್ನೂ ತಟ್ಟದೆ ಬಿಡಲಿಲ್ಲ.

ಇನ್ನುಳಿದದ್ದು ಪಾಲಿಕೆಯ ಬಾಗಿಲಿನಲ್ಲಿ ಆಗಬೇಕಾದ ಕೆಲಸ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರ ಯೋಜನೆ, ನೀರು ಪೂರೈಕೆ, ನೈರ್ಮಲ್ಯ ಮುಂತಾದ 18 ವಿಷಯಗಳನ್ನು ನಗರಸಭೆಗಳಿಗೆ ವಹಿಸಬಹುದೆಂದು ಪಟ್ಟಿಮಾಡಿತು. ಪಟ್ಟಿಯಲ್ಲಿರುವುದೆಲ್ಲ ಕೈಗೆ ಬರಲಿಲ್ಲ. ಬೆಂಗಳೂರಿನ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿಯೂ ಮುಂಬಯಿಯವರ ಅವಧಿ 2022ರ ಮಾರ್ಚಿನಲ್ಲಿಯೂ ಮುಗಿದು, ಎರಡು ನಗರಗಳಲ್ಲಿಯೂ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚರಂಡಿ ಕಟ್ಟಿದೆಯೆಂದು ಹೇಳಿಕೊಳ್ಳಲು ವಾರ್ಡಿನಲ್ಲಿ ಜನಪ್ರತಿನಿಧಿಯೇ ಇರಲಿಲ್ಲವೆಂದರೆ ಅದರ ಕಷ್ಟ ತಗ್ಗಿನಲ್ಲಿ ವಾಸಿಸುವವರಿಗೇ ಗೊತ್ತು. ನಮ್ಮಲ್ಲಿ ಹಲವರು ಮತದಾರರ ಪಟ್ಟಿಯಲ್ಲಿ ಹೆಸರನ್ನು ಇನ್ನೂ ಊರಿನಲ್ಲಿಯೇ ಉಳಿಸಿಕೊಂಡಿದ್ದಾರೆ. ಮೂವತ್ತು ವರ್ಷ ಈ ನಗರದ ನೀರು ಕುಡಿದು, ಇಲ್ಲಿಯ ಆಸ್ಪತ್ರೆಯಲ್ಲಿ ಮಕ್ಕಳನ್ನು ಹೆತ್ತು, ‘ಇದು ನಮ್ಮೂರಲ್ಲವಲ್ಲ’ ಎನ್ನುತ್ತಾರೆ. ಸಂಘದ ವಾರ್ಷಿಕ ಸಭೆಗೆ ಬರುವವರಲ್ಲಿ ನಾಲ್ಕಾರು ಮಂದಿ ತಮ್ಮ ವಾರ್ಡಿನ ಮಳೆನೀರ ಚರಂಡಿಯ ನಕ್ಷೆಯನ್ನು ಮಾಹಿತಿ ಹಕ್ಕಿನ ಅಡಿಯಲ್ಲಿ ಕೇಳಿ ಪಡೆದು, ಮೇ ತಿಂಗಳಿನಲ್ಲಿ ಅದರ ಹೂಳೆತ್ತಿದ್ದಾರೆಯೇ ಎಂದು ನಡೆದು ನೋಡಿ ಬಂದರೆ ಜೂನಿನ ಮೊದಲ ಮಳೆಗೆ ಮುಂಚೆ ಪಾಲಿಕೆಗೆ ಬರೆಯಲು ಇನ್ನೂ ಕಾಲಾವಕಾಶವಿರುತ್ತದೆ.